ವಿಟಮಿನ್ ಇ ಕೊರತೆ: ಕ್ಯಾಪ್ಸೂಲ್ ಯಾರಿಗೆ ಬೇಕು, ಯಾರಿಗೆ ಬೇಡ? ಇಲ್ಲಿದೆ ಪೂರ್ಣ ಮಾಹಿತಿ

ಕೂದಲು ಉದುರುತ್ತಿದೆಯೇ? ಮುಖ ಕಳೆಗುಂದಿದೆಯೇ? ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುತ್ತದೆಯೇ? ಇಂಥ ತೊಂದರೆಗಳಿಗೆಲ್ಲ ನೇರವಾಗಿ ಮೆಡಿಕಲ್ ಶಾಪ್‌ಗೆ ಹೋಗಿ ವಿಟಮಿನ್ ಇ ಕ್ಯಾಪ್ಸೂಲ್ ಕೇಳುವವರು ಎಲ್ಲ ಊರುಗಳಲ್ಲೂ ಇದ್ದಾರೆ. ವೈದ್ಯರ ಚೀಟಿ ಕೇಳುವವರಿಲ್ಲ, ಬೆಲೆಯೂ ಹೆಚ್ಚಲ್ಲ. ಜತೆಗೆ 'ವಿಟಮಿನ್ ತಾನೆ, ಏನಾದೀತು' ಎಂಬ ಧೈರ್ಯ ಬೇರೆ.

ವೈದ್ಯಕೀಯ ಜಗತ್ತಿನ ತಿಳಿವಳಿಕೆ ಇದಕ್ಕಿಂತ ಬೇರೆಯೇ ಇದೆ. ಆರೋಗ್ಯವಂತರಲ್ಲಿ ಬರೀ ಊಟದ ಕೊರತೆಯಿಂದ ವಿಟಮಿನ್ ಇ ಕಡಿಮೆಯಾಗುವುದು ತೀರಾ ಅಪರೂಪ. ನಿಜವಾದ ಕೊರತೆ ಕಂಡುಬಂದರೆ ಅದರ ಹಿಂದೆ ಬಹುತೇಕ ಯಾವುದೋ ಒಂದು ಕಾಯಿಲೆ ಇರುತ್ತದೆ. ಆ ಕಾಯಿಲೆ ಬೇಗ ಪತ್ತೆಯಾದರೆ ನರಗಳು ಉಳಿಯುತ್ತವೆ, ತಡವಾದರೆ ನಡಿಗೆಯೇ ಕೈತಪ್ಪಬಹುದು. ಹೀಗಾಗಿ ಇಲ್ಲಿ ಎರಡು ಬಗೆಯ ತಪ್ಪು ನಡೆಯುತ್ತಿದೆ. ಬೇಡವಾದ ಅನೇಕರು ಕ್ಯಾಪ್ಸೂಲ್ ನುಂಗುತ್ತಾರೆ, ಬೇಕಾದ ಕೆಲವರಿಗೆ ಅದು ಸಮಯಕ್ಕೆ ಸಿಗುವುದಿಲ್ಲ. ಈ ಎರಡನ್ನೂ ತಪ್ಪಿಸಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಏನಿದು ವಿಟಮಿನ್ ಇ?

ವಿಟಮಿನ್ ಇ ಎಂಬುದು ಒಂದೇ ಒಂದು ವಸ್ತುವಿನ ಹೆಸರಲ್ಲ. ಕೊಬ್ಬಿನಲ್ಲಿ ಕರಗುವ ಎಂಟು ಸಂಯುಕ್ತಗಳ ಕುಟುಂಬಕ್ಕೆ ಈ ಹೆಸರಿದೆ. ಇವುಗಳಲ್ಲಿ ನಾಲ್ಕು ಟೋಕೋಫೆರಾಲ್‌ಗಳು, ಇನ್ನು ನಾಲ್ಕು ಟೋಕೋಟ್ರೈಯೀನಾಲ್‌ಗಳು. ಎರಡೂ ಗುಂಪಿನಲ್ಲಿ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ನಾಲ್ಕು ಬಗೆಗಳಿವೆ. ಊಟದ ಮೂಲಕ ಎಲ್ಲ ಬಗೆಗಳೂ ಒಳಗೆ ಹೋಗುತ್ತವೆಯಾದರೂ ನಮ್ಮ ಯಕೃತ್ತು ಮುಖ್ಯವಾಗಿ ಆಲ್ಫಾ ಟೋಕೋಫೆರಾಲ್ ಅನ್ನು ಮಾತ್ರ ಆರಿಸಿಕೊಂಡು ರಕ್ತಕ್ಕೆ ಬಿಡುತ್ತದೆ. ಉಳಿದವು ಬೇಗನೆ ದೇಹದಿಂದ ಹೊರಹೋಗುತ್ತವೆ. ಹಾಗಾಗಿ ವೈದ್ಯರು ವಿಟಮಿನ್ ಇ ಪ್ರಮಾಣದ ಬಗ್ಗೆ ಮಾತನಾಡುವಾಗ ಆಲ್ಫಾ ಟೋಕೋಫೆರಾಲ್ ಅನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಇದರ ಪತ್ತೆಯ ಕಥೆ ಶುರುವಾಗುವುದು ಇಲಿಗಳಿಂದ. 1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಒಂದು ನಿರ್ದಿಷ್ಟ ಆಹಾರ ಕೊಟ್ಟು ಪ್ರಯೋಗ ನಡೆಸುತ್ತಿದ್ದರು. ಆಗ ಗೊತ್ತಿದ್ದ ವಿಟಮಿನ್‌ಗಳೆಲ್ಲ ಆ ಆಹಾರದಲ್ಲಿದ್ದವು. ಇಲಿಗಳು ಚೆನ್ನಾಗಿ ಬೆಳೆದವು, ಗರ್ಭವನ್ನೂ ಧರಿಸಿದವು. ಆದರೆ ಮರಿಗಳು ಗರ್ಭದಲ್ಲೇ ಸಾಯುತ್ತಿದ್ದವು. ಲೆಟ್ಯೂಸ್ ಸೊಪ್ಪು ಕೊಟ್ಟಾಗ, ಬಳಿಕ ಗೋಧಿಯ ಮೊಳಕೆ ಭಾಗವನ್ನು ಕೊಟ್ಟಾಗ ಇಲಿಗಳು ಮತ್ತೆ ಆರೋಗ್ಯವಂತ ಮರಿ ಹಾಕಿದವು. ಈ ಅಜ್ಞಾತ ಅಂಶವನ್ನು ಮೊದಲು 'ಎಕ್ಸ್' ಎಂದು ಕರೆದರು. ಅಷ್ಟರಲ್ಲಿ ವಿಟಮಿನ್ ಡಿ ತನಕ ಹೆಸರುಗಳು ಮುಗಿದಿದ್ದರಿಂದ ಇದಕ್ಕೆ 'ಇ' ಸಿಕ್ಕಿತು. 1936ರಲ್ಲಿ ಇವಾನ್ಸ್ ತಂಡ ಗೋಧಿ ಮೊಳಕೆ ಎಣ್ಣೆಯಿಂದ ಅದನ್ನು ಬೇರ್ಪಡಿಸಿ ಟೋಕೋಫೆರಾಲ್ ಎಂದು ಹೆಸರಿಟ್ಟಿತು. ಗ್ರೀಕ್ ಭಾಷೆಯ 'ಹೆರಿಗೆ' ಮತ್ತು 'ಹೊರುವುದು' ಎಂಬ ಎರಡು ಪದಗಳಿಂದ ಈ ಹೆಸರು ಹುಟ್ಟಿದೆ. 1938ರಲ್ಲಿ ಸ್ವಿಸ್ ರಸಾಯನ ವಿಜ್ಞಾನಿ ಪಾಲ್ ಕ್ಯಾರರ್ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು.

ಈ ಹುಟ್ಟಿನ ಕಥೆಯೇ ಒಂದು ತಪ್ಪು ನಂಬಿಕೆಗೂ ಕಾರಣವಾಯಿತು. ವಿಟಮಿನ್ ಇ ತಿಂದರೆ ಸಂತಾನ ಭಾಗ್ಯ, ಸುಖ ಪ್ರಸವ ಎಂಬ ಪ್ರಚಾರ ದಶಕಗಳ ಕಾಲ ನಡೆಯಿತು. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೇ ಕಾಣಲಿಲ್ಲ. ಮನುಷ್ಯರಲ್ಲಿ ಇದರ ಕೊರತೆ ಮುಖ್ಯವಾಗಿ ಬಾಧಿಸುವುದು ನರಮಂಡಲವನ್ನು ಎಂಬುದು ಸ್ಪಷ್ಟವಾಗಲು 1980ರ ದಶಕ ಬರಬೇಕಾಯಿತು.

ದೇಹದಲ್ಲಿ ಅದರ ಕೆಲಸವೇನು?

ನಮ್ಮ ದೇಹದ ಪ್ರತಿ ಜೀವಕೋಶದ ಸುತ್ತ ಕೊಬ್ಬಿನಾಂಶದ ತೆಳುವಾದ ಪೊರೆ ಇದೆ. ಎಣ್ಣೆ ಡಬ್ಬಿ ತೆರೆದಿಟ್ಟರೆ ಗಾಳಿಯ ಆಮ್ಲಜನಕ ತಗುಲಿ ಕಮಟು ವಾಸನೆ ಬರುತ್ತದಲ್ಲ, ಅದೇ ಬಗೆಯ ರಾಸಾಯನಿಕ ಕ್ರಿಯೆ ಈ ಪೊರೆಯಲ್ಲೂ ನಡೆಯಬಲ್ಲದು. ಫ್ರೀ ರಾಡಿಕಲ್ ಎಂಬ ಚಂಚಲ ಕಣಗಳು ಒಂದು ಕೊಬ್ಬಿನ ಅಣುವನ್ನು ಕೆಡಿಸಿದರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಪೊರೆಯೊಳಗೇ ಕುಳಿತಿರುವ ವಿಟಮಿನ್ ಇ ಈ ಸರಪಳಿಯನ್ನು ನಡುವೆ ತುಂಡರಿಸುತ್ತದೆ. ಹಾಗೆ ಮಾಡುವಾಗ ತಾನು ಸವೆದರೂ ವಿಟಮಿನ್ ಸಿಯ ನೆರವಿನಿಂದ ಮತ್ತೆ ಚೇತರಿಸಿಕೊಳ್ಳಬಲ್ಲದು.

ಈ ರಕ್ಷಣೆ ಅತಿ ಹೆಚ್ಚು ಬೇಕಾಗುವುದು ಉದ್ದನೆಯ ನರತಂತುಗಳಿಗೆ, ಕಣ್ಣಿನ ಅಕ್ಷಿಪಟಲಕ್ಕೆ ಮತ್ತು ಕೆಂಪು ರಕ್ತಕಣಗಳಿಗೆ. ಕೊರತೆಯಾದಾಗ ಮೊದಲು ಏಟು ಬೀಳುವುದೂ ಇವುಗಳಿಗೇ.

ದಿನಕ್ಕೆ ಎಷ್ಟು ಬೇಕು?

ಅಮೆರಿಕದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 15 ಮಿ.ಗ್ರಾಂ ಆಲ್ಫಾ ಟೋಕೋಫೆರಾಲ್ ಸಾಕು. ಎದೆಹಾಲುಣಿಸುವ ತಾಯಂದಿರಿಗೆ 19 ಮಿ.ಗ್ರಾಂ. ಭಾರತದಲ್ಲಿ ಪೋಷಕಾಂಶಗಳ ಪ್ರಮಾಣವನ್ನು ಹೈದರಾಬಾದ್‌ನಲ್ಲಿರುವ ರಾಷ್ಟ್ರೀಯ ಪೋಷಣೆ ಸಂಸ್ಥೆಯ ತಜ್ಞರು ಶಿಫಾರಸು ಮಾಡುತ್ತಾರೆ. ಇಲ್ಲಿನ ಪ್ರಮಾಣ ಅಮೆರಿಕಕ್ಕಿಂತ ಕಡಿಮೆ, ಅಂದರೆ 10 ಮಿ.ಗ್ರಾಂ ಆಸುಪಾಸು. ಸಸ್ಯಜನ್ಯ ಎಣ್ಣೆ ಹೆಚ್ಚು ತಿನ್ನುವವರಿಗೆ ವಿಟಮಿನ್ ಇ ಕೂಡ ಹೆಚ್ಚು ಬೇಕಾಗುತ್ತದೆ. ಆದರೆ ಅಂಥ ಹಲವು ಎಣ್ಣೆಗಳಲ್ಲಿ ಅದು ತಾನಾಗಿಯೇ ಸೇರಿಕೊಂಡಿರುತ್ತದೆ.

ಅಡುಗೆಮನೆಯಲ್ಲೇ ಇದೆ ಉತ್ತರ

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ವಿಟಮಿನ್ ಇ ವಿಷಯದಲ್ಲಿ ಚೆನ್ನಾಗಿ ಒಪ್ಪುತ್ತದೆ. ಕ್ಯಾಪ್ಸೂಲ್‌ನಲ್ಲಿ ಹುಡುಕುವುದು ಅಡುಗೆಮನೆಯ ಡಬ್ಬಿಗಳಲ್ಲೇ ಇದೆ.

100 ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 41 ಮಿ.ಗ್ರಾಂ ಆಲ್ಫಾ ಟೋಕೋಫೆರಾಲ್ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಚಿರಪರಿಚಿತವಾದ ಕುಸುಬೆ ಎಣ್ಣೆಯಲ್ಲಿ ಸುಮಾರು 34 ಮಿ.ಗ್ರಾಂ, ಅಕ್ಕಿ ತೌಡಿನ ಎಣ್ಣೆಯಲ್ಲಿ 32 ಮಿ.ಗ್ರಾಂ, ಶೇಂಗಾ ಎಣ್ಣೆಯಲ್ಲಿ ಸುಮಾರು 16 ಮಿ.ಗ್ರಾಂ. ಎಲ್ಲಕ್ಕಿಂತ ಮುಂದಿರುವುದು ಗೋಧಿ ಮೊಳಕೆ ಎಣ್ಣೆ, ಸುಮಾರು 149 ಮಿ.ಗ್ರಾಂ. ಆದರೆ ಅದು ದಿನನಿತ್ಯದ ಅಡುಗೆಯ ಎಣ್ಣೆಯಲ್ಲ. ಬೀಜಗಳ ಪೈಕಿ 100 ಗ್ರಾಂ ಸೂರ್ಯಕಾಂತಿ ಬೀಜದಲ್ಲಿ 35, ಬಾದಾಮಿಯಲ್ಲಿ 25, ಶೇಂಗಾದಲ್ಲಿ 8 ಮಿ.ಗ್ರಾಂ ಲೆಕ್ಕ.

ಕರಾವಳಿಯ ಅಡುಗೆಯ ಜೀವಾಳವಾದ ತೆಂಗಿನೆಣ್ಣೆಯಲ್ಲಿ ವಿಟಮಿನ್ ಇ ಇಲ್ಲವೆನ್ನುವಷ್ಟು ಕಡಿಮೆ. ತುಪ್ಪದಲ್ಲೂ ಹೆಚ್ಚಿಲ್ಲ. ಎಳ್ಳೆಣ್ಣೆ ಮತ್ತು ಸೋಯಾ ಎಣ್ಣೆಯಲ್ಲಿ ಇರುವುದು ಹೆಚ್ಚಾಗಿ ಗಾಮಾ ಬಗೆ. ಹಾಗೆಂದು ಈ ಎಣ್ಣೆಗಳನ್ನು ಬಿಡಬೇಕಿಲ್ಲ. ಇವನ್ನೇ ಬಳಸುವ ಮನೆಗಳಲ್ಲಿ ಶೇಂಗಾ, ಬಾದಾಮಿ, ಸೊಪ್ಪುಗಳಿಗೆ ಸ್ವಲ್ಪ ಹೆಚ್ಚು ಜಾಗ ಕೊಟ್ಟರೆ ಸಾಕು.

ಒಂದು ಸರಳ ಲೆಕ್ಕ ನೋಡಿ. ಹತ್ತು ಬಾದಾಮಿಯಿಂದ ಸುಮಾರು 3 ಮಿ.ಗ್ರಾಂ, ಅಡುಗೆಗೆ ಬಳಸಿದ ಎರಡು ಟೀ ಚಮಚ ಸೂರ್ಯಕಾಂತಿ ಎಣ್ಣೆಯಿಂದ ಸುಮಾರು 3.7, ಒಂದು ಹಿಡಿ ಶೇಂಗಾದಿಂದ 2ಕ್ಕಿಂತ ಸ್ವಲ್ಪ ಹೆಚ್ಚು, ಅರ್ಧ ಕಪ್ ಬೇಯಿಸಿದ ಪಾಲಕ್‌ನಿಂದ ಸುಮಾರು 1.9 ಮಿ.ಗ್ರಾಂ. ಎಲ್ಲ ಸೇರಿದರೆ ಸುಮಾರು 11 ಮಿ.ಗ್ರಾಂ ಆಯಿತು. ಭಾರತೀಯ ವಯಸ್ಕರ ದಿನದ ಅಗತ್ಯ ಇಷ್ಟಕ್ಕೇ ಮುಗಿಯಿತು. ಬಾದಾಮಿ ದುಬಾರಿ ಎನ್ನುವವರು ರೊಟ್ಟಿಯ ಜತೆ ಶೇಂಗಾ ಚಟ್ನಿಪುಡಿಯನ್ನು ತುಸು ಧಾರಾಳವಾಗಿ ಹಾಕಿಕೊಂಡರೂ ನಡೆಯುತ್ತದೆ.

ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದರೆ ವಿಟಮಿನ್ ಇ ನಾಶವಾಗುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಎಣ್ಣೆ ಇಡುವುದೂ ಒಳ್ಳೆಯದಲ್ಲ.

ಹಾಗಾದರೆ ಕೊರತೆ ಯಾರಿಗೆ ಬರುತ್ತದೆ?

ವಿಟಮಿನ್ ಇ ಕೊಬ್ಬಿನ ಜತೆಗೇ ಪ್ರಯಾಣಿಸುತ್ತದೆ. ಕರುಳು ಅದನ್ನು ಹೀರಿಕೊಳ್ಳಬೇಕಾದರೆ ಯಕೃತ್ತಿನಿಂದ ಪಿತ್ತರಸ, ಮೇದೋಜೀರಕ ಗ್ರಂಥಿಯಿಂದ ಕಿಣ್ವಗಳು ಬರಬೇಕು. ಈ ದಾರಿಯಲ್ಲಿ ಎಲ್ಲೇ ಅಡ್ಡಿಯಾದರೂ ತಟ್ಟೆಯಲ್ಲಿರುವ ವಿಟಮಿನ್ ರಕ್ತ ಸೇರುವುದಿಲ್ಲ. ಕೊರತೆಯ ಅಪಾಯ ಹೆಚ್ಚಿರುವುದು ಇಂಥವರಿಗೆ:

ಪಿತ್ತನಾಳದ ತೊಂದರೆ ಇರುವ ಮಕ್ಕಳು: ಹುಟ್ಟುವಾಗಲೇ ಪಿತ್ತನಾಳ ಮುಚ್ಚಿಕೊಂಡಿರುವ ಬಿಲಿಯರಿ ಅಟ್ರೇಸಿಯಾದಂಥ ಕಾಯಿಲೆಗಳಲ್ಲಿ ಕೊಬ್ಬು ಜೀರ್ಣವಾಗುವುದಿಲ್ಲ. ಹುಟ್ಟಿ ಎರಡು ವಾರ ಕಳೆದರೂ ಮಗುವಿನ ಕಾಮಾಲೆ ಇಳಿಯದಿದ್ದರೆ ಅಥವಾ ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಬೇಕು. ಇದರ ಶಸ್ತ್ರಚಿಕಿತ್ಸೆಗೆ ಮೊದಲ ಎರಡು ತಿಂಗಳು ಅತ್ಯಮೂಲ್ಯ.

ಕರುಳು ಮತ್ತು ಮೇದೋಜೀರಕ ಗ್ರಂಥಿಯ ರೋಗಿಗಳು: ಸಿಸ್ಟಿಕ್ ಫೈಬ್ರೋಸಿಸ್, ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಕ್ರೋನ್ಸ್ ಕಾಯಿಲೆ, ಗೋಧಿಯ ಗ್ಲುಟೆನ್ ಸಹಿಸದ ಸೀಲಿಯಾಕ್ ಕಾಯಿಲೆ ಇರುವವರು.

ಕರುಳಿನ ಶಸ್ತ್ರಚಿಕಿತ್ಸೆ ಆದವರು: ಸಣ್ಣ ಕರುಳಿನ ದೊಡ್ಡ ಭಾಗ ತೆಗೆಸಿಕೊಂಡವರು ಮತ್ತು ತೂಕ ಇಳಿಸಲು ಬೈಪಾಸ್ ಮಾದರಿಯ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳು: ತಾಯಿಯಿಂದ ಮಗುವಿಗೆ ವಿಟಮಿನ್ ಇ ದಾಟುವುದೇ ಕಡಿಮೆ. ತೀರಾ ಕಡಿಮೆ ತೂಕದ ಮಕ್ಕಳಲ್ಲಿ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರಬಹುದು.

ವಂಶವಾಹಿ ದೋಷ ಇರುವವರು: ಅಬೀಟಾಲೈಪೋಪ್ರೋಟೀನೀಮಿಯಾ ಎಂಬ ಕಾಯಿಲೆಯಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಕಣಗಳೇ ತಯಾರಾಗುವುದಿಲ್ಲ. ಇನ್ನೊಂದು ಅವೆಡ್ ಎಂಬ ಸಂಕ್ಷಿಪ್ತ ಹೆಸರಿನ ಕಾಯಿಲೆ, ಅಂದರೆ ವಿಟಮಿನ್ ಇ ಕೊರತೆಯಿಂದ ಬರುವ ಅಟಾಕ್ಸಿಯಾ. ಇದರಲ್ಲಿ ಕರುಳು ಸರಿಯಾಗಿಯೇ ಹೀರಿಕೊಳ್ಳುತ್ತದೆ. ಆದರೆ ಯಕೃತ್ತಿನಲ್ಲಿ ಆಲ್ಫಾ ಟೋಕೋಫೆರಾಲ್ ಅನ್ನು ಆರಿಸಿ ಕಳಿಸುವ ಪ್ರೋಟೀನ್ ಕೆಲಸ ಮಾಡುವುದಿಲ್ಲ. ಇದಕ್ಕೆ ಕಾರಣವಾದ ಜೀನ್ ಪತ್ತೆಯಾದದ್ದು 1995ರಲ್ಲಿ. ಟ್ಯುನೀಷಿಯಾ ಸೇರಿದಂತೆ ಉತ್ತರ ಆಫ್ರಿಕಾದಲ್ಲಿ ಈ ಕಾಯಿಲೆ ಹೆಚ್ಚು.

ಅವೆಡ್ ಬರುವುದು ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ಸಂಬಂಧದಲ್ಲೇ ಮದುವೆಯಾಗುವ ಪದ್ಧತಿ ಇರುವ ಕುಟುಂಬಗಳಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಈ ಪದ್ಧತಿ ಇನ್ನೂ ಉಳಿದಿರುವುದರಿಂದ, ಮಗುವಿನ ನಡಿಗೆಯಲ್ಲಿ ಏರುಪೇರು ಕಂಡಾಗ ಈ ಮಾಹಿತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಲಕ್ಷಣಗಳು ಹೇಗಿರುತ್ತವೆ?

ವಿಟಮಿನ್ ಇ ದೇಹದ ಕೊಬ್ಬಿನಲ್ಲಿ ಶೇಖರವಾಗುವುದರಿಂದ ವಯಸ್ಕರಲ್ಲಿ ಕೊರತೆಯ ಲಕ್ಷಣ ಕಾಣಲು ವರ್ಷಗಳೇ ಹಿಡಿಯುತ್ತವೆ. ಕೆಲವರಲ್ಲಿ ಹತ್ತು ವರ್ಷ ದಾಟುವುದೂ ಉಂಟು. ಮಕ್ಕಳಲ್ಲಿ ಸಂಗ್ರಹ ಕಡಿಮೆ. ಪಿತ್ತನಾಳದ ಕಾಯಿಲೆ ಇರುವ ಮಗುವಿನಲ್ಲಿ ಎರಡು ವರ್ಷ ತುಂಬುವುದರೊಳಗೇ ತೊಂದರೆ ಶುರುವಾಗಬಹುದು. ಅವೆಡ್ ಇರುವವರಲ್ಲಿ ಸಾಮಾನ್ಯವಾಗಿ 5ರಿಂದ 15ನೇ ವಯಸ್ಸಿನ ನಡುವೆ ಲಕ್ಷಣ ಕಾಣುತ್ತದೆ.

ಮೊದಲು ಮಂದವಾಗುವುದು ಮೊಣಕಾಲಿಗೆ ತಟ್ಟಿದಾಗ ಕಾಲು ಚಿಮ್ಮುವ ಪ್ರತಿಕ್ರಿಯೆ. ಇದು ವೈದ್ಯರ ಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತದೆ. ನಂತರ ಕಾಲು ಎಲ್ಲಿದೆ, ಹೇಗಿದೆ ಎಂಬ ಅರಿವೇ ಕಡಿಮೆಯಾಗುತ್ತದೆ. ಹಗಲಿನಲ್ಲಿ ಕಣ್ಣು ನೋಡಿಕೊಂಡು ನಿಭಾಯಿಸುತ್ತದೆ. ಕತ್ತಲಲ್ಲಿ ನಡೆಯುವಾಗ, ಮುಖ ತೊಳೆಯಲು ಕಣ್ಣು ಮುಚ್ಚಿ ಬಾಗಿದಾಗ ದೇಹ ತೂರಾಡುತ್ತದೆ. ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದೆ ಹೋಗಬಹುದು. ಮುಂದೆ ಓಟ ಕಷ್ಟ, ಅಕ್ಷರ ಸೊಟ್ಟ, ಮಾತು ತೊದಲು, ಸ್ನಾಯುಗಳಲ್ಲಿ ನಿಶ್ಶಕ್ತಿ. ಕೆಲವರಲ್ಲಿ ಕಣ್ಣುಗುಡ್ಡೆಯ ಚಲನೆ ಕುಂಠಿತವಾಗುತ್ತದೆ, ಇರುಳಿನ ದೃಷ್ಟಿ ಮಂಕಾಗುತ್ತದೆ.

ಅವೆಡ್‌ನ ಲಕ್ಷಣಗಳು ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ಮತ್ತೊಂದು ವಂಶವಾಹಿ ಕಾಯಿಲೆಯನ್ನು ಬಹಳ ಹೋಲುತ್ತವೆ. ಎರಡರ ನಡುವೆ ದೊಡ್ಡ ವ್ಯತ್ಯಾಸವೊಂದಿದೆ. ಅವೆಡ್ ಅನ್ನು ವಿಟಮಿನ್ ಇ ಕೊಟ್ಟು ತಡೆಯಬಹುದು, ಫ್ರೀಡ್ರೈಕ್ ಅಟಾಕ್ಸಿಯಾವನ್ನು ಹಾಗೆ ತಡೆಯಲಾಗದು. ಆದ್ದರಿಂದಲೇ ಕಾರಣ ತಿಳಿಯದ ಅಟಾಕ್ಸಿಯಾ ಇರುವ ಪ್ರತಿ ರೋಗಿಯಲ್ಲೂ ವಿಟಮಿನ್ ಇ ಮಟ್ಟ ನೋಡುವುದು ನರರೋಗ ತಜ್ಞರ ರೂಢಿ.

ಇಲ್ಲಿ ಗಮನಿಸಿ: ಕೂದಲು ಉದುರುವುದು, ಚರ್ಮ ಒಣಗುವುದು, ಸುಸ್ತು ಇವು ವಿಟಮಿನ್ ಇ ಕೊರತೆಯ ಗುರುತಿನ ಲಕ್ಷಣಗಳಲ್ಲ. ಇವಕ್ಕೆ ಕಬ್ಬಿಣಾಂಶದ ಕೊರತೆ, ಥೈರಾಯ್ಡ್, ಹೆರಿಗೆಯ ನಂತರದ ಬದಲಾವಣೆ ಹೀಗೆ ನೂರೆಂಟು ಕಾರಣಗಳಿರಬಹುದು.

ಬಿ12 ಕೊರತೆಯ ಜತೆ ಗೊಂದಲ ಬೇಡ

ಕೈಕಾಲು ಜೋಮು, ನಡಿಗೆಯಲ್ಲಿ ಅಸಮತೋಲನ ವಿಟಮಿನ್ ಬಿ12 ಕೊರತೆಯಲ್ಲೂ ಬರುತ್ತದೆ. ಭಾರತದಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕೊರತೆ ವಿಟಮಿನ್ ಇ ಕೊರತೆಗಿಂತ ಎಷ್ಟೋ ಪಟ್ಟು ಸಾಮಾನ್ಯ. ಎರಡೂ ಬೆನ್ನುಹುರಿಯ ಹಿಂಭಾಗದ ನರಗಳನ್ನು ಹಾಳುಮಾಡುತ್ತವೆ. ಜೋಮು ಹಿಡಿಯುತ್ತದೆ ಎಂದು ತಿಂಗಳುಗಟ್ಟಲೆ ವಿಟಮಿನ್ ಇ ನುಂಗುತ್ತಾ ಕುಳಿತರೆ ಬಿ12 ಕೊರತೆ ಒಳಗೊಳಗೇ ಬೆಳೆಯುತ್ತದೆ. ಒಂದು ಹಂತ ದಾಟಿದ ಮೇಲೆ ಆ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಬೇಡದ ಕ್ಯಾಪ್ಸೂಲ್‌ನ ನಿಜವಾದ ಬೆಲೆ ಕೆಲವೊಮ್ಮೆ ಹೀಗೆ ಕಳೆದುಹೋದ ಸಮಯವೇ ಆಗಿರುತ್ತದೆ.

ಪತ್ತೆ ಹೇಗೆ?

ರಕ್ತದಲ್ಲಿ ಆಲ್ಫಾ ಟೋಕೋಫೆರಾಲ್ ಮಟ್ಟ ಅಳೆಯುವ ಪರೀಕ್ಷೆ ಇದೆ. ಒಂದು ಡೆಸಿಲೀಟರ್‌ಗೆ 0.5 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಆದರೆ ವಿಟಮಿನ್ ಇ ರಕ್ತದಲ್ಲಿ ಕೊಬ್ಬಿನ ಕಣಗಳ ಮೇಲೇರಿಯೇ ಸಾಗುವುದರಿಂದ ಈ ಒಂದು ಸಂಖ್ಯೆ ದಾರಿ ತಪ್ಪಿಸಬಹುದು. ಪಿತ್ತನಾಳದ ಕಾಯಿಲೆಯಲ್ಲಿ ರಕ್ತದ ಕೊಬ್ಬು ಏರಿರುತ್ತದೆ, ಆಗ ಕೊರತೆ ಇದ್ದರೂ ವರದಿ ಸರಿಯಾಗಿಯೇ ಕಾಣುತ್ತದೆ. ಅಂಥವರಲ್ಲಿ ಒಟ್ಟು ಕೊಬ್ಬಿಗೆ ವಿಟಮಿನ್ ಇ ಅನುಪಾತ ಎಷ್ಟಿದೆ ಎಂದು ನೋಡುತ್ತಾರೆ. ವಯಸ್ಕರಲ್ಲಿ ಒಂದು ಗ್ರಾಂ ಕೊಬ್ಬಿಗೆ 0.8 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಆದ್ದರಿಂದ ವಿಟಮಿನ್ ಇ ಪರೀಕ್ಷೆಯ ಜತೆ ಲಿಪಿಡ್ ಪ್ರೊಫೈಲ್ ಕೂಡ ಮಾಡಿಸುವುದು ಸೂಕ್ತ. ಅಗತ್ಯವಿದ್ದರೆ ಜೀನ್ ಪರೀಕ್ಷೆ ನಂತರದ ಹೆಜ್ಜೆ.

ನಿಜವಾದ ಕೊರತೆಗೆ ಚಿಕಿತ್ಸೆ

ಇಲ್ಲಿ ವಿಟಮಿನ್ ಇ ನಿಜಕ್ಕೂ ಔಷಧ. ಅವೆಡ್ ಇರುವ ವಯಸ್ಕರಿಗೆ ದಿನಕ್ಕೆ ಸುಮಾರು 800ರಿಂದ 1,500 ಮಿ.ಗ್ರಾಂ ತನಕ ಕೊಡುತ್ತಾರೆ, ಅದೂ ಜೀವನಪರ್ಯಂತ. ಬೇಗ ಶುರುಮಾಡಿದರೆ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ, ಕೆಲವು ಲಕ್ಷಣಗಳು ಹಿಮ್ಮೆಟ್ಟುವುದೂ ಇದೆ. ಗಾಲಿಕುರ್ಚಿ ಹಿಡಿದ ಮೇಲೆ ಶುರುಮಾಡಿದರೆ ಕಳೆದುಕೊಂಡದ್ದು ಪೂರ್ತಿ ಮರಳುವುದು ಕಷ್ಟ. ಮನೆಯ ಒಂದು ಮಗುವಿಗೆ ಈ ಕಾಯಿಲೆ ಖಚಿತವಾದರೆ ಅಣ್ಣತಮ್ಮ, ಅಕ್ಕತಂಗಿಯರನ್ನೂ ಲಕ್ಷಣ ಕಾಣುವ ಮೊದಲೇ ಪರೀಕ್ಷಿಸುವುದು ಅತ್ಯಗತ್ಯ. ಆ ಹಂತದಲ್ಲಿ ಚಿಕಿತ್ಸೆ ಸಿಕ್ಕ ಮಗು ಕಾಯಿಲೆಯನ್ನೇ ಕಾಣದೆ ಬೆಳೆಯಬಹುದು.

ಪಿತ್ತರಸದ ಕೊರತೆ ಇರುವ ಮಕ್ಕಳಿಗೆ ಸಾಮಾನ್ಯ ಕ್ಯಾಪ್ಸೂಲ್ ಹಿಡಿಯುವುದಿಲ್ಲ. ಅವರಿಗೆ ನೀರಿನಲ್ಲಿ ಬೆರೆಯುವ ವಿಶೇಷ ರೂಪದ ವಿಟಮಿನ್ ಇ ಕೊಡಲಾಗುತ್ತದೆ. ಪ್ರಮಾಣವನ್ನು ರಕ್ತ ಪರೀಕ್ಷೆ ನೋಡಿಯೇ ತಜ್ಞರು ಹೊಂದಿಸುತ್ತಾರೆ.

ಕ್ಯಾಪ್ಸೂಲ್‌ನ ಲೆಕ್ಕ ಗೊತ್ತೇ?

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 400 ಮಿ.ಗ್ರಾಂ ಕ್ಯಾಪ್ಸೂಲ್. ಲೇಬಲ್ ಮೇಲೆ 'ಡಿ-ಆಲ್ಫಾ' ಎಂದಿದ್ದರೆ ಅದು ನೈಸರ್ಗಿಕ ರೂಪ, 'ಡಿಎಲ್-ಆಲ್ಫಾ' ಎಂದಿದ್ದರೆ ಕೃತಕವಾಗಿ ತಯಾರಿಸಿದ್ದು. ಕೃತಕ ರೂಪದ ಅರ್ಧದಷ್ಟು ಮಾತ್ರ ದೇಹಕ್ಕೆ ಉಪಯೋಗಕ್ಕೆ ಬರುತ್ತದೆ. ಐಯು ಎಂಬ ಅಂತಾರಾಷ್ಟ್ರೀಯ ಮಾನದಲ್ಲಿ ಹೇಳುವುದಾದರೆ 1 ಐಯು ನೈಸರ್ಗಿಕ ರೂಪ 0.67 ಮಿ.ಗ್ರಾಂಗೆ, ಕೃತಕ ರೂಪ 0.45 ಮಿ.ಗ್ರಾಂಗೆ ಸಮ.

ಹೀಗೆ ಲೆಕ್ಕ ಹಾಕಿದರೆ 400 ಐಯು ಬಲದ ಒಂದು ಕೃತಕ ಕ್ಯಾಪ್ಸೂಲ್‌ನಿಂದ ಸಿಗುವ ಸಕ್ರಿಯ ವಿಟಮಿನ್ ಸುಮಾರು 180 ಮಿ.ಗ್ರಾಂ. ಅಂದರೆ ಅಮೆರಿಕದ ಶಿಫಾರಸಿನ 12 ಪಟ್ಟು, ಭಾರತದ ಲೆಕ್ಕದಲ್ಲಿ ಸುಮಾರು 18 ಪಟ್ಟು. ಅಮೆರಿಕದಲ್ಲಿ ಆರೋಗ್ಯವಂತ ವಯಸ್ಕರಿಗೆ ಪೂರಕದ ಗರಿಷ್ಠ ಮಿತಿ ದಿನಕ್ಕೆ 1,000 ಮಿ.ಗ್ರಾಂ. ಯುರೋಪ್ ಇನ್ನೂ ಕಟ್ಟುನಿಟ್ಟು, ಅಲ್ಲಿ 300 ಮಿ.ಗ್ರಾಂಗೆ ಮಿತಿ. ಇವು ಮೀರಬಾರದ ಗೆರೆಗಳೇ ಹೊರತು ತಲುಪಬೇಕಾದ ಗುರಿಗಳಲ್ಲ.

ದೊಡ್ಡ ಅಧ್ಯಯನಗಳು ಹೇಳಿದ್ದೇನು?

ಆ್ಯಂಟಿ ಆಕ್ಸಿಡೆಂಟ್ ಎಂದ ಮೇಲೆ ಹೃದಯಕ್ಕೆ, ಕ್ಯಾನ್ಸರ್‌ಗೆ ಒಳ್ಳೆಯದಿರಬೇಕು ಎಂಬ ನಿರೀಕ್ಷೆ 1990ರ ದಶಕದಲ್ಲಿ ಜೋರಾಗಿತ್ತು. ಅದನ್ನು ಸಾವಿರಾರು ಜನರ ಮೇಲೆ ಪರೀಕ್ಷಿಸಿಯೂ ನೋಡಲಾಯಿತು.

ಫಿನ್‌ಲ್ಯಾಂಡ್‌ನಲ್ಲಿ ಧೂಮಪಾನ ಮಾಡುವ 29,133 ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ದಿನಕ್ಕೆ 50 ಮಿ.ಗ್ರಾಂ ವಿಟಮಿನ್ ಇ ಶ್ವಾಸಕೋಶದ ಕ್ಯಾನ್ಸರ್ ತಡೆಯಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಂಡರೂ ಮಿದುಳಿನ ರಕ್ತಸ್ರಾವದಿಂದ ಸತ್ತವರ ಸಂಖ್ಯೆ ಹೆಚ್ಚಿತ್ತು. 2000ರಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ ಹೃದ್ರೋಗದ ಅಪಾಯವಿದ್ದ 9,500ಕ್ಕೂ ಹೆಚ್ಚು ಮಂದಿ ಇದ್ದರು. ಸರಾಸರಿ ನಾಲ್ಕೂವರೆ ವರ್ಷ ದಿನಕ್ಕೆ 400 ಐಯು ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅದರ ಮುಂದುವರಿದ ಭಾಗದಲ್ಲಿ ಹಾರ್ಟ್ ಫೇಲ್ಯೂರ್ ಹೆಚ್ಚು ಕಂಡಿತು.

ಫಿನ್‌ಲ್ಯಾಂಡ್‌ನಲ್ಲಿ ಕಂಡ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವನ್ನು ಖಚಿತಪಡಿಸಿಕೊಳ್ಳಲು 2001ರಲ್ಲಿ ಉತ್ತರ ಅಮೆರಿಕದಲ್ಲಿ ಸೆಲೆಕ್ಟ್ ಎಂಬ ಅಧ್ಯಯನ ಶುರುವಾಯಿತು. 35,000ಕ್ಕೂ ಹೆಚ್ಚು ಪುರುಷರು ಪಾಲ್ಗೊಂಡರು. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಲಾಯಿತು. 2011ರ ವಿಶ್ಲೇಷಣೆ ಇನ್ನಷ್ಟು ಆಘಾತ ನೀಡಿತು. ಏಳು ವರ್ಷಗಳಲ್ಲಿ, ಖಾಲಿ ಮಾತ್ರೆ ತೆಗೆದುಕೊಂಡ ಪ್ರತಿ 1,000 ಪುರುಷರಲ್ಲಿ 65 ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ, 400 ಐಯು ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ 76 ಮಂದಿಗೆ ಬಂದಿತ್ತು. ಅಂದರೆ ಶೇ 17ರಷ್ಟು ಹೆಚ್ಚು. ಇದು ಇಲ್ಲಿ ದಿನಾ ನುಂಗುವ ಕ್ಯಾಪ್ಸೂಲ್‌ನಷ್ಟೇ ಪ್ರಮಾಣ ಎಂಬುದು ನೆನಪಿರಲಿ.

ಮಹಿಳೆಯರ ಮೇಲೂ ದೊಡ್ಡ ಅಧ್ಯಯನ ನಡೆದಿದೆ. ಅಮೆರಿಕದ ಸುಮಾರು 40,000 ಮಹಿಳೆಯರಿಗೆ ಹತ್ತು ವರ್ಷ ದಿನ ಬಿಟ್ಟು ದಿನ 600 ಐಯು ಕೊಟ್ಟರೂ ಕ್ಯಾನ್ಸರ್ ಆಗಲಿ, ಹೃದಯಾಘಾತವಾಗಲಿ ಒಟ್ಟಾರೆ ಕಡಿಮೆಯಾಗಲಿಲ್ಲ ಎಂದು 2005ರಲ್ಲಿ ವರದಿಯಾಯಿತು. ಗರ್ಭಿಣಿಯರಲ್ಲಿ ನಡೆದ ಅಧ್ಯಯನಗಳಲ್ಲೂ ಅವಧಿಪೂರ್ವ ಹೆರಿಗೆ, ರಕ್ತದೊತ್ತಡದ ತೊಡಕು ತಪ್ಪಲಿಲ್ಲ.

ಉಪಯೋಗ ಕಂಡದ್ದು ಎಲ್ಲಿ?

ಕೊರತೆ ಇಲ್ಲದವರಲ್ಲೂ ವೈದ್ಯರು ವಿಟಮಿನ್ ಇ ಬರೆಯುವ ಎರಡು ಮುಖ್ಯ ಸಂದರ್ಭಗಳಿವೆ. ಮೊದಲನೆಯದು ಫ್ಯಾಟಿ ಲಿವರ್‌ನ ಮುಂದುವರಿದ, ಉರಿಯೂತ ಇರುವ ಹಂತ. 2010ರಲ್ಲಿ ಪ್ರಕಟವಾದ ಪೈವೆನ್ಸ್ ಅಧ್ಯಯನದಲ್ಲಿ ಮಧುಮೇಹ ಇಲ್ಲದ ರೋಗಿಗಳಿಗೆ 96 ವಾರ ದಿನಕ್ಕೆ 800 ಐಯು ಕೊಟ್ಟಾಗ ಶೇ 43ರಷ್ಟು ಮಂದಿಯಲ್ಲಿ ಯಕೃತ್ತು ಸುಧಾರಿಸಿತು. ಖಾಲಿ ಮಾತ್ರೆ ಪಡೆದವರಲ್ಲಿ ಇದು ಶೇ 19. ಸ್ಕ್ಯಾನ್‌ನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದು ಬಂದ ಎಲ್ಲರಿಗೂ ಇದು ಅನ್ವಯಿಸುವುದಿಲ್ಲ. ಅವರಿಗೆ ತೂಕ ಇಳಿಕೆ ಮತ್ತು ವ್ಯಾಯಾಮವೇ ಮೊದಲ ಮದ್ದು.

ಎರಡನೆಯದು ವಯಸ್ಸಾದವರ ಅಕ್ಷಿಪಟಲ ಸವೆತ. ವಿಟಮಿನ್ ಇ, ವಿಟಮಿನ್ ಸಿ, ಜಿಂಕ್ ಮೊದಲಾದವುಗಳ ನಿರ್ದಿಷ್ಟ ಮಿಶ್ರಣ ಮಧ್ಯಮ ಹಂತದ ರೋಗಿಗಳಲ್ಲಿ ಕಾಯಿಲೆ ಉಲ್ಬಣಿಸುವ ಅಪಾಯವನ್ನು ಸುಮಾರು ಶೇ 25ರಷ್ಟು ತಗ್ಗಿಸಿತು ಎಂದು 2001ರ ಅಮೆರಿಕದ ಅಧ್ಯಯನ ತೋರಿಸಿದೆ. ಇದನ್ನು ನಿರ್ಧರಿಸಬೇಕಾದವರು ನೇತ್ರತಜ್ಞರು.

ಕ್ಯಾಪ್ಸೂಲ್ ಒಡೆದು ಮುಖಕ್ಕೆ ಹಚ್ಚಬಹುದೇ?

ಗಾಯದ ಕಲೆ ಮಾಯವಾಗುತ್ತದೆ ಎಂದು ಕ್ಯಾಪ್ಸೂಲ್‌ಗೆ ಸೂಜಿ ಚುಚ್ಚಿ ಎಣ್ಣೆ ಹಚ್ಚಿಕೊಳ್ಳುವುದು ಮನೆಮನೆಯ ಮದ್ದಾಗಿದೆ. 1999ರ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ಶಸ್ತ್ರಚಿಕಿತ್ಸೆಯ ಗಾಯವಿದ್ದ 15 ಮಂದಿಯ ಪೈಕಿ ಹೆಚ್ಚಿನವರಲ್ಲಿ ಕಲೆ ಸುಧಾರಿಸಲಿಲ್ಲ ಅಥವಾ ಇನ್ನೂ ಕೆಟ್ಟಿತು. ಮೂವರಲ್ಲಿ ಒಬ್ಬರಿಗೆ ಚರ್ಮದ ಅಲರ್ಜಿ ಬಂತು. ಅಧ್ಯಯನ ಚಿಕ್ಕದು ನಿಜ. ಆದರೂ ಮೊಡವೆ ಇರುವ ಎಣ್ಣೆಚರ್ಮಕ್ಕೆ, ಹಸಿ ಗಾಯಕ್ಕೆ ನೇರವಾಗಿ ಹಚ್ಚುವ ಮುನ್ನ ಯೋಚಿಸುವುದು ಒಳಿತು. ಹಚ್ಚಲೇಬೇಕೆಂದಿದ್ದರೆ ಮುಂಗೈಯಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ.

ಇವರು ವಿಶೇಷ ಎಚ್ಚರ ವಹಿಸಬೇಕು

ಹೆಚ್ಚಿನ ಪ್ರಮಾಣದ ವಿಟಮಿನ್ ಇ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುತ್ತದೆ. ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ. ಶಸ್ತ್ರಚಿಕಿತ್ಸೆ ಅಥವಾ ಹಲ್ಲು ಕೀಳಿಸುವ ಮುನ್ನ ವಿಟಮಿನ್ ಇ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಹೇಳಲೇಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ಸ್ವಂತ ನಿರ್ಧಾರ ಮಾಡಬಾರದು. ಮತ್ತೊಂದೆಡೆ ತೂಕ ಇಳಿಸುವ ಆರ್ಲಿಸ್ಟಾಟ್, ಕೊಲೆಸ್ಟ್ರಾಲ್‌ಗೆ ಕೊಡುವ ಕೊಲೆಸ್ಟೈರಮಿನ್ ವಿಟಮಿನ್ ಇ ಹೀರಿಕೆಯನ್ನೇ ಕುಗ್ಗಿಸುತ್ತವೆ.

'ವಿಟಮಿನ್ ತಾನೆ' ಎಂಬ ಸಸಾರ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ಕಹಿ ಉದಾಹರಣೆ ಇದೆ. 1984ರಲ್ಲಿ ಅಮೆರಿಕದಲ್ಲಿ ಅವಧಿಪೂರ್ವ ಶಿಶುಗಳಿಗೆ ರಕ್ತನಾಳದ ಮೂಲಕ ಕೊಟ್ಟ, ಸರಿಯಾಗಿ ಪರೀಕ್ಷೆಯಾಗದ ವಿಟಮಿನ್ ಇ ಚುಚ್ಚುಮದ್ದೊಂದು 38 ಶಿಶುಗಳ ಸಾವಿಗೆ ಕಾರಣವಾಯಿತೆಂದು ಹೇಳಲಾಗಿದೆ. ನಂತರ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಕ್ಯಾಪ್ಸೂಲ್ ಕೊಳ್ಳುವ ಮುನ್ನ ಈ ಪ್ರಶ್ನೆ ಕೇಳಿಕೊಳ್ಳಿ

ಕೊಬ್ಬು ಜೀರ್ಣವಾಗದ ಕಾಯಿಲೆ ನನಗಿದೆಯೇ? ನಡಿಗೆಯಲ್ಲಿ, ಸಮತೋಲನದಲ್ಲಿ ವ್ಯತ್ಯಾಸ ಕಂಡಿದೆಯೇ? ವೈದ್ಯರು ಪರೀಕ್ಷೆ ಮಾಡಿಸಿ, ಇಷ್ಟು ದಿನ ಎಂದು ಅವಧಿ ಹೇಳಿ ಬರೆದಿದ್ದಾರೆಯೇ? ಈಗ ತಿನ್ನುತ್ತಿರುವ ಮಲ್ಟಿವಿಟಮಿನ್‌ನಲ್ಲಿ ಇದು ಮೊದಲೇ ಸೇರಿದೆಯೇ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೇನೆಯೇ?

ಮೊದಲ ಎರಡು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ಹೌದು ಎಂದಾದರೆ ಹೋಗಬೇಕಾದದ್ದು ವೈದ್ಯರ ಬಳಿಗೆ, ಮೆಡಿಕಲ್ ಶಾಪ್‌ಗಲ್ಲ. ಎರಡಕ್ಕೂ ಇಲ್ಲ ಎಂದಾದರೆ ಒಂದು ಹಿಡಿ ಶೇಂಗಾ, ನಾಲ್ಕು ಬಾದಾಮಿ, ದಿನಕ್ಕೊಂದು ಸೊಪ್ಪಿನ ಪಲ್ಯ ಸಾಕು. ವೈದ್ಯರೇ ಕ್ಯಾಪ್ಸೂಲ್ ಬರೆದಿದ್ದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗದೆ ಊಟದ ಜತೆ ತೆಗೆದುಕೊಳ್ಳಿ. ಹೇಳಿದ ಅವಧಿ ಮುಗಿದ ಮೇಲೆ ಅದೇ ಚೀಟಿ ಹಿಡಿದು ಮತ್ತೆ ಮತ್ತೆ ಕೊಳ್ಳಬೇಡಿ.

(ಗಮನಿಸಿ: ಇದು ಸಾಮಾನ್ಯ ಮಾಹಿತಿಗಾಗಿ ನೀಡಿದ ಲೇಖನ. ಯಾವುದೇ ಔಷಧ ಅಥವಾ ಪೂರಕವನ್ನು ಆರಂಭಿಸುವ ಇಲ್ಲವೇ ನಿಲ್ಲಿಸುವ ಮುನ್ನ ನಿಮ್ಮ ವೈದ್ಯರ ಸಲಹೆ ಪಡೆಯಿರಿ.)